ರಂಗೂನಿನ ಏಳು ಮಂದಿಗೆ ಕಳಿಸಿದ ಕಟ್ಟು

ಲಕೋಟೆಯ ಮೇಲೆ ವಿಳಾಸ ಅಂತ ಇದ್ದದ್ದು ಇಷ್ಟೇ: "ಪೋಸ್ಟ್ ಮಾಸ್ತರರಿಗೆ, ಬಂಟವಾಳ ಕಡೆ, ದಕ್ಷಿಣ ಕನ್ನಡ ಜಿಲ್ಲೆ." ಬರ್ಮಾದ ಅಂಚೆಚೀಟಿ. ಎರಡು ಮೂರು ಕಛೇರಿ ಸುತ್ತಿ, ಮೈತುಂಬ ಮುದ್ರೆ ಹೊಡೆಸಿಕೊಂಡು, ಕೊನೆಗೆ ನದಿ ದಂಡೆಯ ನಮ್ಮ ಸಣ್ಣ ಪೋಸ್ಟಾಫೀಸಿಗೆ ಬಂದು ಬಿದ್ದಿತ್ತು. ನಮ್ಮ ಪೋಸ್ಟ್ ಮಾಸ್ತರರು ಒಡೆದು ಅರ್ಧ ಓದಿ ನನ್ನ ಮೇಜಿಗೆ ತಳ್ಳಿದರು.

"ನೋಡು ಮಾರಾಯ, ಇದು ನಿನ್ನದು," ಅಂದರು.

ಪಾರ್ಸೆಲು, ರಿಜಿಸ್ಟರು ನೋಡುವ ಗುಮಾಸ್ತ ನಾನು. ಕಾಗದದಲ್ಲಿ ಪಾರ್ಸೆಲ್ ಎಂಬ ಶಬ್ದ ಇತ್ತು. ಅದೊಂದು ಕಾರಣಕ್ಕೆ ಅದು ನನ್ನ ತಲೆಗೆ ಬಂತು. ಅರವತ್ತರ ದಶಕ ಶುರುವಾಗಿ ಮೂರು ನಾಲ್ಕು ವರ್ಷ ಆಗಿತ್ತು. ನನಗೂ ಮೂವತ್ತು ದಾಟಿರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಪ್ರಾಯ.

ಬರೆದವರು ರಂಗೂನಿನ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಮುದುಕರು. ಸಣ್ಣ ದುಂಡು ಅಕ್ಷರ, ಒಂದು ಪುಟಕ್ಕೆ ಮೂವತ್ತು ಸಾಲು. "ನಾವು ಏಳು ಮಂದಿ ನಿಮ್ಮ ಕಡೆಯವರು. ಯುದ್ಧದಲ್ಲಿ ಬಾಂಬು ಬಿದ್ದು ಎಲ್ಲರೂ ಕಾಲ್ನಡಿಗೆಯಲ್ಲಿ ಹಿಂದುಸ್ಥಾನಕ್ಕೆ ಹೊರಟಾಗ ನಾವೂ ಹೊರಟಿದ್ದೆವು. ಕಾಡಿನಲ್ಲಿ ಕಾಲರಾ ಬಂತು. ಜೊತೆಗಿದ್ದವರು ಹೆಚ್ಚಿನವರು ದಾರಿಯಲ್ಲೇ ಹೋದರು. ಉಳಿದ ನಾವು ಹಿಂದೆ ತಿರುಗಿದೆವು. ಈಗ ಮಿಲ್ಲು, ಅಂಗಡಿ ಎಲ್ಲ ಇಲ್ಲಿಯ ಸರಕಾರ ತೆಗೆದುಕೊಂಡಿದೆ. ಒಂದು ಛತ್ರದ ಹಿಂದಿನ ಕೋಣೆಯಲ್ಲಿ ಇದ್ದೇವೆ. ಊರಿಗೆ ಬರಲು ನಮ್ಮಲ್ಲಿ ಕಾಗದಪತ್ರ ಇಲ್ಲ." ಅದರ ಕೆಳಗೆ ಏಳು ಹೆಸರು, ಏಳು ಊರು, ಯಾರಿಗೆ ಏನು ಬೇಕು ಎಂಬ ಪಟ್ಟಿ. ಬೇಡಿಕೆಯೋ, ಅಯ್ಯೋ ಅನ್ನಿಸುವಷ್ಟು ಸಣ್ಣದು. ಒಬ್ಬರಿಗೆ ಪಂಚೆ, ಒಬ್ಬರಿಗೆ ಮೈ ಒರೆಸಲು ಊರಿನ ಬೈರಾಸು, ಒಬ್ಬರಿಗೆ ಉದ್ದಿನ ಹಪ್ಪಳ. ಕೊನೆಗೆ ತನ್ನದು: "ನನಗೆ ಒಂದು ಕನ್ನಡಕ. ಇದ್ದದ್ದು ಒಡೆದಿದೆ. ಏಳು ಮಂದಿಯಲ್ಲಿ ಓದು ಬರಹ ತಿಳಿದವನು ನಾನೊಬ್ಬನೇ. ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿದೆ. ನನಗೆ ಬರೆಯಲು ಆಗದೆ ಹೋದರೆ ನಮ್ಮ ಸುದ್ದಿ ಊರಿಗೆ ತಿಳಿಸುವವರು ಯಾರೂ ಇಲ್ಲ."

ನಾನು ಅಂಥ ಪರೋಪಕಾರಿ ಏನೂ ಅಲ್ಲ. ಏಳು ಊರಿಗೆ ಏಳು ಕಾರ್ಡು ಬರೆದು ಹಾಕಿ, ಮುಗಿಯಿತು ಅಂದುಕೊಂಡೆ. ನಾಲ್ಕು ಕಾರ್ಡು "ಈ ಹೆಸರಿನವರು ಇಲ್ಲ" ಎಂದು ತಿರುಗಿ ಬಂದವು. ಎರಡಕ್ಕೆ ಸುದ್ದಿಯೇ ಇಲ್ಲ. ಬೆಳುವಾಯಿಗೆ ಹೋದ ಕಾರ್ಡು ಕೈಯಿಂದ ಕೈಗೆ ದಾಟಿ, ಮೂಡುಬಿದಿರೆಯ ಒಬ್ಬ ನಿವೃತ್ತ ಮಾಸ್ತರರಿಗೆ ಸಿಕ್ಕಿತು ಎಂದು ಆಮೇಲೆ ತಿಳಿಯಿತು. ಉತ್ತರ ಬಾರದ ಎರಡರಲ್ಲಿ ಒಂದು ಕಕ್ಕಿಂಜೆಯದ್ದು. ಅದಕ್ಕೆ ಕಾಗದ ಬರಲಿಲ್ಲ, ಹೆಂಗಸು ಬಂದರು.

ಐವತ್ತೈದರ ಮೇಲಿನ ಪ್ರಾಯ, ಕೈಯಲ್ಲಿ ಮಡಚಿದ ಕೊಡೆ. ಚಾರ್ಮಾಡಿ ಕಡೆಯಿಂದ ಬರುವ ಬಸ್ಸನ್ನು ಬೆಳಿಗ್ಗೆ ಹತ್ತಿ, ಬೆಳ್ತಂಗಡಿಯಲ್ಲಿ ಇನ್ನೊಂದು ಹಿಡಿದು, ಮಧ್ಯಾಹ್ನಕ್ಕೆ ಮುಟ್ಟಿದ್ದರು. ಕಿಟಕಿಯ ಕಂಬಿ ಹಿಡಿದು ತುಳುವಿನಲ್ಲಿ ಕೇಳಿದರು.

"ಮಗಾ, ನನ್ನ ಅಣ್ಣ ಇದ್ದಾರಂತೆ, ಹೌದಾ?"

"ಇದ್ದಾರೆ ಅಕ್ಕ. ಕಾಗದದಲ್ಲಿ ಹಾಗೆ ಉಂಟು."

"ನಾವು ಸತ್ತರೆಂದು ಅವರ ಬೊಜ್ಜ ಮಾಡಿ, ಊರಿಗೆ ಊಟ ಹಾಕಿ ಇಪ್ಪತ್ತು ವರ್ಷ ಆಯ್ತಲ್ಲ."

ಅವರ ಅಣ್ಣನ ಬಗ್ಗೆ ಇದ್ದ ಸಾಲನ್ನು ಓದಿ ಹೇಳಿದೆ: "ಕಾಲು ನೋವು. ಮಾತು ಕಡಿಮೆ. ಹಲ್ಲು ಇಲ್ಲ. ಒಂದು ಬೈರಾಸು ಬೇಕಂತೆ."

"ಹಲ್ಲು ಇಲ್ಲವಾ?" ಅಕ್ಕ ಬೆಂಚಿನಲ್ಲಿ ಕೂತುಬಿಟ್ಟರು. "ಹೋಗುವಾಗ ಇಡೀ ಅಡಿಕೆ ಕಡಿಯುತ್ತಿದ್ದರು." ಮತ್ತೆ ಎದ್ದು, "ಇನ್ನೊಮ್ಮೆ ಓದು," ಅಂದರು. ಆ ಒಂದು ಸಾಲನ್ನು ಆ ದಿನ ನಾನು ಆರು ಸಲ ಓದಿರಬೇಕು. ಹೊರಡುವಾಗ, "ತಿಂಗಳಿಗೊಮ್ಮೆ ಬರ್ತೇನೆ. ಕಾಗದ ಬಂದರೆ ತೆಗೆದಿಡು," ಅಂದರು. ಹೇಳಿದ ಹಾಗೆ ತಿಂಗಳಿಗೊಮ್ಮೆ ಬಂದರು ಕೂಡ.

ಮೂಡುಬಿದಿರೆಯ ಮಾಸ್ತರರು ಬೇರೆಯೇ ತರದ ಮನುಷ್ಯ. ಬಿಳಿ ಟೊಪ್ಪಿ, ಎಲ್ಲದಕ್ಕೂ ಒಂದು ಪಟ್ಟಿ ಬರೆಯುವ ಅಭ್ಯಾಸ. ಬಸದಿ ಬೀದಿಯ ಮನೆಗಳಿಂದ ಹಿಡಿದು ಬೆಳುವಾಯಿವರೆಗೆ ಮನೆ ಮನೆ ನಡೆದು ಸಾಮಾನು ಕೂಡಿಸಿದರು. ಕನ್ನಡಕದ್ದು ದೊಡ್ಡ ಸಮಸ್ಯೆ. ರೈಟರರ ಕಣ್ಣಿನ ನಂಬರು ಯಾರಿಗೂ ಗೊತ್ತಿಲ್ಲ. ಮಾಸ್ತರರು ಒಂದು ಉಪಾಯ ಮಾಡಿದರು: ತೀರಿಹೋದ ಹಿರಿಯರ ಕನ್ನಡಕ ಯಾವ ಮನೆಯ ಪೆಟ್ಟಿಗೆಯಲ್ಲಿ ಉಂಟೋ ಅದನ್ನೆಲ್ಲ ಕೇಳಿ ತಂದರು. ಐದು ಸಿಕ್ಕಿದವು.

"ಐದರಲ್ಲಿ ಒಂದಾದರೂ ಆದೀತು," ಅಂದರು.

"ಆಗದಿದ್ದರೆ ಮಾಸ್ತರೇ?"

"ಎರಡು ಒಟ್ಟಿಗೆ ಹಾಕಿ ನೋಡಿಯಾರು. ರೈಟರ್ ಅಲ್ಲವಾ, ಉಪಾಯ ಗೊತ್ತಿರ್ತದೆ."

ಈ ಕಡೆಯಿಂದಲೂ ಸಾಮಾನು ಬಂತು. ಒಬ್ಬರು ಮಿಡಿ ಉಪ್ಪಿನಕಾಯಿಯ ಭರಣಿಯನ್ನೇ ಹೊತ್ತು ತಂದರು. ಇದು ಮಂಗಳೂರಿಗೆ ಮುಟ್ಟುವ ಮೊದಲೇ ಸೋರ್ತದೆ, ರಂಗೂನಿಗೆ ಹೋಗುವುದು ಹೇಗೆ ಎಂದು ನಾನು ಗದರಿ ವಾಪಸು ಕಳಿಸಿದೆ. ನೋವಿನ ಎಣ್ಣೆಯ ಸೀಸೆಗೂ ಅದೇ ಗತಿ. ಕೊನೆಗೆ ಉಳಿದದ್ದು ಏಳು ಬೈರಾಸು, ನಾಲ್ಕು ಪಂಚೆ, ಹಪ್ಪಳ, ಐದು ಕನ್ನಡಕ. ಪಂಚೆಗಳಲ್ಲಿ ಒಂದು ನಮ್ಮ ಮನೆಯದು. ಅಮ್ಮ ಮಡಚಿ ಕಾಗದ ಸುತ್ತಿ ಕೊಟ್ಟಿದ್ದರು.

ವಿದೇಶಕ್ಕೆ ಪಾರ್ಸೆಲ್ ಮಾಡುವುದೆಂದರೆ ತಲೆನೋವು. ಗಟ್ಟಿ ಬಿಳಿ ಬಟ್ಟೆಯಲ್ಲಿ ಇಟ್ಟು, ಹೊಲಿಗೆ ಒಳಕ್ಕೆ ಹೋಗುವ ಹಾಗೆ ಹೊಲಿಸಬೇಕು. ಹೊಲಿಗೆಯ ಉದ್ದಕ್ಕೂ ಅಲ್ಲಲ್ಲಿ ಅರಗು ಕರಗಿಸಿ ಬಿಟ್ಟು, ಎಲ್ಲದರ ಮೇಲೂ ಒಂದೇ ಮುದ್ರೆ ಒತ್ತಬೇಕು. ಒಂದು ಮುದ್ರೆ ಬಿರಿದರೂ ಮುಂದಿನ ಕಛೇರಿಯವರು ತೆಗೆದುಕೊಳ್ಳುವುದಿಲ್ಲ. ಆಮೇಲೆ ಕಸ್ಟಮ್ಸಿನ ಫಾರಂ. ಅದು ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದದ್ದು. ಒಳಗೆ ಏನೇನು ಉಂಟು, ಎಷ್ಟೆಷ್ಟು, ಒಂದೂ ಬಿಡದೆ ಬರೆಯಬೇಕು. ಕೆಳಗೆ ಇನ್ನೊಂದು ಪ್ರಶ್ನೆ: ವಿಳಾಸದಾರ ಸಿಗದಿದ್ದರೆ ಏನು ಮಾಡಬೇಕು? ವಾಪಸು ಕಳಿಸಬೇಕೋ, ಬೇರೆಯವರಿಗೆ ಕೊಡಬೇಕೋ, ಬಿಟ್ಟುಬಿಡಬೇಕೋ? ನಾನು ರೈಟರರ ಹೆಸರೊಂದೇ ಬರೆದು, "ವಾಪಸು" ಎಂಬಲ್ಲಿ ಗುರುತು ಹಾಕಿದೆ. ಎಲ್ಲರೂ ಹಾಗೇ ಮಾಡುವುದು.

ಫಾರಂ ತುಂಬಿಸುವಾಗ ನಾನು ಬಟ್ಟೆಗಳನ್ನು ಎಣಿಸಿದೆ, ಬಿಚ್ಚಲಿಲ್ಲ. ಬಿಚ್ಚಬೇಕಿತ್ತು. ಆದರೆ ಒಬ್ಬರು ಹಿರಿಯರಿಗೆ ಕೊಡಲೆಂದು ಮಡಚಿ ತಂದ ಹೊಸ ಬಟ್ಟೆಯನ್ನು ಅವರ ಎದುರೇ ಬಿಚ್ಚಿ ಕೊಡಹಿ ನೋಡುವ ಮರ್ಯಾದೆಗೇಡಿತನ ನಮ್ಮ ಊರಿನಲ್ಲಿ ಯಾರೂ ಮಾಡುವುದಿಲ್ಲ. ನಾನೂ ಇದೇ ಊರಿನವನು. "ಬೈರಾಸು ಏಳು, ಪಂಚೆ ನಾಲ್ಕು" ಎಂದು ಬರೆದು ಸಹಿ ಹಾಕಿದೆ. ಪಕ್ಕದ ಅಂಗಡಿಯ ದರ್ಜಿ ಹೊಲಿದು ಕೊಟ್ಟ. ಅರಗು ಹಾಕುವಾಗ ಕಕ್ಕಿಂಜೆಯ ಅಕ್ಕ ಪಕ್ಕದಲ್ಲೇ ನಿಂತಿದ್ದರು. ಅಂಚೆ ಚೀಲ ಬಸ್ಸು ಹತ್ತುವವರೆಗೆ ಕದಲಲಿಲ್ಲ.

ಕಟ್ಟು ಕಳಿಸಿದ್ದೇವೆ ಎಂದು ರೈಟರರಿಗೆ ಬರೆದೆ. ಮುಂದಿನ ತಿಂಗಳುಗಳಲ್ಲಿ ಅವರ ಎರಡು ಕಾಗದ ಬಂದವು. ಮೊದಲನೆಯದರಲ್ಲಿ ಪುಟಕ್ಕೆ ಹದಿನೈದು ಸಾಲು. ಎರಡನೆಯದರಲ್ಲಿ ಎಂಟು. ಅಕ್ಷರ ಮಕ್ಕಳು ಬರೆದ ಹಾಗೆ ದೊಡ್ಡದಾಗಿತ್ತು. "ಕಟ್ಟು ಇನ್ನೂ ಬಂದಿಲ್ಲ. ಕಕ್ಕಿಂಜೆಯವರು ಸುಖವಾಗಿದ್ದಾರೆ, ತಂಗಿಯನ್ನು ಕೇಳಿದ್ದಾರೆ." ಅಕ್ಕನಿಗೆ ಇಷ್ಟು ಸಾಕು. ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು. ನಾನು ಮಾತ್ರ ಆ ಎಂಟು ಸಾಲನ್ನು ಪುನಃ ಎಣಿಸುತ್ತಿದ್ದೆ; ರೈಟರರ ಕಣ್ಣು ಹೋಗುತ್ತಿತ್ತು. ವಿದೇಶದ ಪಾರ್ಸೆಲು ಹಡಗು ಹತ್ತುವ ಮದ್ರಾಸಿಗೆ ಎರಡು ಸಲ ವಿಚಾರಣೆ ಬರೆದೆ. "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು.

ಏಳನೆಯ ತಿಂಗಳಲ್ಲಿ ಕಟ್ಟು ತಿರುಗಿ ಬಂತು. ಹಡಗು ಹತ್ತಲೇ ಇಲ್ಲ ಅದು. ಮದ್ರಾಸಿನಲ್ಲೇ ಕಸ್ಟಮ್ಸಿನವರು ಬಿಚ್ಚಿ, ಬೇರೆ ದಾರದಲ್ಲಿ ಹೊಲಿದು, ಜೊತೆಗೊಂದು ಮೆಮೋ ಕಳಿಸಿದ್ದರು. ಫಾರಮ್ಮಿನಲ್ಲಿ ತೋರಿಸದ ವಸ್ತುಗಳು ಸಿಕ್ಕಿವೆ: ಭಾರತದ ನಾಣ್ಯ ಒಂಬತ್ತು, ಅಡಿಕೆ ಹನ್ನೊಂದು. ನಾಣ್ಯ ದೇಶದ ಹೊರಗೆ ಕಳಿಸುವುದು ನಿಷಿದ್ಧ. ಫಾರಂ ತುಂಬಿಸಿದವರು ಸಮಜಾಯಿಷಿ ಕೊಡಬೇಕು.

ಪೋಸ್ಟ್ ಮಾಸ್ತರರು ಮೆಮೋ ಎರಡು ಸಲ ಓದಿದರು. "ಕಳ್ಳಸಾಗಣೆ ಮಾಡಿದ್ದು ನೀನಾ, ನಾನಾ?" ಅಂದರು. ನಗಾಡಿದರು. ಆಮೇಲೆ ನಗು ನಿಲ್ಲಿಸಿ, "ವೀಳ್ಯ ಇಟ್ಟಿದ್ದಾರೆ ಮಾರಾಯ," ಅಂದರು.

ಅವರು ಹೇಳುವ ಮೊದಲೇ ನನಗೂ ಗೊತ್ತಾಗಿತ್ತು. ಹಿರಿಯರಿಗೆ ಬಟ್ಟೆ ಕೊಡುವಾಗ ಬರೀ ಬಟ್ಟೆ ಕೊಡುವುದುಂಟೇ? ವೀಳ್ಯದೆಲೆ, ಅಡಿಕೆ, ಮೇಲೊಂದು ನಾಣ್ಯ ಇಟ್ಟೇ ಕೊಡುವುದು. ಎಲೆ ದಾರಿಯಲ್ಲಿ ಕೊಳೆತೀತು ಎಂದು ಬಿಟ್ಟಿದ್ದಾರೆ. ಅಡಿಕೆಯನ್ನೂ ಪಾವಲಿ ನಾಣ್ಯವನ್ನೂ ಬಟ್ಟೆಯ ಮಡಿಕೆಯ ಒಳಗೆ ಸೇರಿಸಿದ್ದಾರೆ. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಹೇಳುವಂಥ ವಿಷಯವೇ ಅಲ್ಲ ಅದು. ಹನ್ನೊಂದು ಮಡಿಕೆಯಲ್ಲೂ ಅಡಿಕೆ, ಒಂಬತ್ತರಲ್ಲಿ ನಾಣ್ಯ. ಇದಕ್ಕೆ ಇಂಗ್ಲಿಷಿನಲ್ಲಿ ಸಮಜಾಯಿಷಿ ಬರೆಯುವುದು ಹೇಗೆ? ಮೂರು ಹಾಳೆ ಹರಿದು ಹಾಕಿದೆ. ಕೊನೆಗೆ "ಗೌರವಾರ್ಥವಾಗಿ ಇಟ್ಟದ್ದು, ಗುಮಾಸ್ತನ ಗಮನಕ್ಕೆ ಬಂದಿಲ್ಲ" ಎಂದು ಬರೆದೆ. ಅರ್ಧ ಸುಳ್ಳು. ಗಮನ ಕೊಡದೆ ಇದ್ದವನು ನಾನೇ.

ಆ ವಾರ ಅಕ್ಕ ಬಂದಾಗ ನನ್ನ ಸಿಟ್ಟೆಲ್ಲ ಅವರ ಮೇಲೆ ಬಿತ್ತು. ಕಟ್ಟನ್ನು ಮೇಜಿನ ಮೇಲೆ ಎತ್ತಿ ಹಾಕಿ ಹೇಳಿದೆ.

"ನೋಡಿ ಅಕ್ಕ, ನಿಮ್ಮ ಪಾವಲಿಯಿಂದ ಆದದ್ದು. ಏಳು ತಿಂಗಳು ಹಾಳು. ಆ ಮುದುಕರಿಗೆ ಅಷ್ಟರಲ್ಲಿ ಕಣ್ಣೇ ಹೋಗ್ತದೆ. ಮತ್ತೆ ನಿಮಗೆ ಕಾಗದ ಬರೆಯುವುದು ಯಾರು?"

ಅವರು ಕಟ್ಟಿನ ಹೊಲಿಗೆ ಬಿಡಿಸಿದರು. ತನ್ನ ಬೈರಾಸನ್ನು ಹುಡುಕಿ ತೆಗೆದು, ಮಡಿಕೆ ಬಿಚ್ಚಿ ನೋಡಿದರು. ಅಡಿಕೆಯೂ ಇಲ್ಲ, ನಾಣ್ಯವೂ ಇಲ್ಲ.

"ಇಟ್ಟದ್ದನ್ನು ಅವರು ತೆಗೆದಿಟ್ಟುಕೊಂಡರಾ?"

"ಹೌದು. ಕಾನೂನು."

"ಬೈರಾಸು ಮಾತ್ರ ಕೊಟ್ಟರೆ ಅಣ್ಣನಿಗೆ ಭಿಕ್ಷೆ ಹಾಕಿದ ಹಾಗೆ ಆಗ್ತದಲ್ಲ ಮಗಾ."

ಸಂಜೆ ಮನೆಗೆ ಹೋಗಿ ಅಮ್ಮನಲ್ಲಿ ಕೇಳಿದೆ, ಪಂಚೆಯ ಒಳಗೆ ಏನಾದರೂ ಇಟ್ಟಿದ್ದಿರಾ ಎಂದು. "ಒಂದು ಪಾವಲಿ ಇಟ್ಟೆ. ಮತ್ತೆ ಬರೀ ಬಟ್ಟೆ ಕೊಡುವುದಾ?" ಅಂದರು ಅಮ್ಮ, ಇದೆಂಥ ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿ. ಆ ಹೆಂಗಸನ್ನು ಎಲ್ಲರ ಎದುರು ಗದರಿದ್ದಕ್ಕೆ ನನಗೆ ನಾಚಿಕೆ ಆಯಿತು.

ಎರಡನೆಯ ಸಲ ಕಟ್ಟುವ ಮೊದಲು ರೈಟರರ ಇನ್ನೊಂದು ಕಾಗದ ಬಂತು. ಅದನ್ನು ಕಾಗದ ಎನ್ನಬಹುದೋ ಇಲ್ಲವೋ. ಅಕ್ಷರ ಒಂದೊಂದೂ ಹೆಬ್ಬೆರಳಿನಷ್ಟು ದೊಡ್ಡದು. ಬರೆದ ಸಾಲು ಕಾಣದೆ ಅದರ ಮೇಲೇ ಇನ್ನೊಂದು ಸಾಲು ಬರೆದಿದ್ದರು. "ಜ್ವರ" ಎಂಬುದು ಓದಲು ಬಂತು. "ನಮ್ಮಲ್ಲಿ ಒಬ್ಬರು" ಎಂಬುದು ಬಂತು. "ಕಕ್ಕಿಂಜೆ" ಎಂಬುದೂ ಸ್ಪಷ್ಟ ಇತ್ತು. ಅದರ ಮುಂದೆ ಎರಡು ಸಾಲು ಒಂದರ ಮೇಲೊಂದು ಬಿದ್ದು ಬರೀ ಗೀಚು. ಮುದ್ರೆ ನೋಡುವ ಮಸೂರ ಹಿಡಿದು ನಾನು ಓದಿದೆ, ಪೋಸ್ಟ್ ಮಾಸ್ತರರು ಓದಿದರು, ಮೂಡುಬಿದಿರೆಯ ಮಾಸ್ತರರು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಆಗಲಿಲ್ಲ. ಜ್ವರ ಬಂದದ್ದು ಯಾರಿಗೆ, ಹೋದದ್ದು ಯಾರು, ಹೋದರೋ ಇಲ್ಲವೋ, ಒಂದೂ ತಿಳಿಯಲಿಲ್ಲ.

ಅಕ್ಕ ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು ಕಾಗದ ಕೈಗೆ ತೆಗೆದುಕೊಂಡು, ಓದು ಬಾರದವರು, ಆ ಗೀಚಿನ ಮೇಲೆ ಬೆರಳಾಡಿಸಿದರು.

"ನನ್ನ ಅಣ್ಣನ ವಿಷಯ ಇಲ್ಲೇ ಉಂಟಲ್ಲವಾ?"

"ಇಲ್ಲೇ ಉಂಟು ಅಕ್ಕ."

"ಕನ್ನಡಕ ಬೇಗ ಕಳಿಸುವ," ಅಂದರು.

ಈ ಸಲ ಪ್ರತಿಯೊಂದು ಬಟ್ಟೆಯನ್ನೂ ನಾನೇ ಬಿಚ್ಚಿ, ಕೊಡಹಿ, ಮತ್ತೆ ಮಡಚಿದೆ. ಮರ್ಯಾದೆ ಹಾಳಾಗಿ ಹೋಗಲಿ ಅಂದುಕೊಂಡೆ. ಐದು ಕನ್ನಡಕಗಳಲ್ಲಿ ಒಂದರ ಗಾಜು ಮದ್ರಾಸಿನ ಪ್ರಯಾಣದಲ್ಲಿ ಒಡೆದಿತ್ತು. ಮೂಡುಬಿದಿರೆಯ ಮಾಸ್ತರರು ತನ್ನದೇ ಇನ್ನೊಂದನ್ನು ತೆಗೆದು ಕೊಟ್ಟರು. ಕಕ್ಕಿಂಜೆಯ ಅಕ್ಕ ನಾಣ್ಯ ಇಡಲಿಲ್ಲ, ಅಡಿಕೆ ಇಡಲಿಲ್ಲ. ಸೊಂಟದ ಚೀಲದಿಂದ ಅರಸಿನದ ತುಂಡು ತೆಗೆದು, ನೀರು ಮುಟ್ಟಿಸಿ, ಬೈರಾಸಿನ ಒಂದು ಮೂಲೆಗೆ ಉಜ್ಜಿದರು. ಮತ್ತೆ ನನ್ನ ಕಡೆ ತಿರುಗಿ, "ಇದಕ್ಕೆ ನಿನ್ನ ಫಾರಮ್ಮಿನಲ್ಲಿ ಜಾಗ ಉಂಟಾ?" ಅಂತ ಕೇಳಿದರು. ಪೋಸ್ಟ್ ಮಾಸ್ತರರು ನಕ್ಕುಬಿಟ್ಟರು. ಉಳಿದ ಬಟ್ಟೆಗಳಿಗೂ ಅಕ್ಕನೇ ಅರಸಿನ ಮುಟ್ಟಿಸಿದರು.

ಆಮೇಲೆ ಫಾರಮ್ಮಿನ ಕೆಳಗಿನ ಆ ಪ್ರಶ್ನೆ ಬಂತು: ವಿಳಾಸದಾರ ಸಿಗದಿದ್ದರೆ? ರಂಗೂನಿನಲ್ಲಿ ಕಟ್ಟು ತೆಗೆದುಕೊಳ್ಳಲು ವಿಳಾಸದಾರನೇ ಕಛೇರಿಗೆ ಹೋಗಿ ಸಹಿ ಹಾಕಬೇಕು. ರೈಟರರಿಗೆ ಕಣ್ಣು ಕಾಣುವುದಿಲ್ಲ. ಜ್ವರ ಬಂದದ್ದು ಅವರಿಗೇ ಆದರೆ? ಅವರು ಹೋಗದಿದ್ದರೆ ಕಟ್ಟು ಪುನಃ ಸಮುದ್ರ ದಾಟಿ ನಮ್ಮ ಮೇಜಿಗೆ ಬರುತ್ತದೆ. ನಾನು ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಕೊನೆಗೆ "ವಾಪಸು" ಎಂಬುದನ್ನು ಹೊಡೆದು ಹಾಕಿ, ಏಳು ಮಂದಿಯ ಹೆಸರನ್ನೂ ಬರೆದು, "ಇವರಲ್ಲಿ ಯಾರಿಗಾದರೂ ಕೊಡಬಹುದು" ಎಂದು ಸೇರಿಸಿದೆ.

ಪೋಸ್ಟ್ ಮಾಸ್ತರರು ಓದಿ ನೋಡಿದರು. "ರೈಟರರ ಹೆಸರೊಂದೇ ಇದ್ದರೆ, ಕಟ್ಟು ವಾಪಸು ಬಂದರೂ ಅವರು ಸಿಗಲಿಲ್ಲ ಅಂತ ಆದರೂ ಗೊತ್ತಾಗ್ತದೆ. ಹೀಗೆ ಬರೆದರೆ ಯಾರಿಗೆ ಕೊಟ್ಟರು ಅಂತ ತಿಳಿಯದೆ ಹೋದೀತು."

"ಕಟ್ಟು ಮುಟ್ಟಲಿ ಸಾರ್. ಗೊತ್ತಾಗುವುದು ಆಮೇಲೆ."

"ನಿನ್ನ ಇಷ್ಟ," ಅಂದು ಸಹಿ ಹಾಕಿದರು. ಸಾಮಾನು ಮುಟ್ಟಿದ್ದಕ್ಕೆ ಅಲ್ಲಿಂದ ಸಹಿಯಾಗಿ ಬರುವ ಚೀಟಿಯನ್ನೂ ಜೊತೆಗೆ ಲಗತ್ತಿಸಿದೆ. ಹೊಲಿಗೆ ಆಯಿತು, ಅರಗು ಆಯಿತು, ಕಟ್ಟು ಹೋಯಿತು.

ಇನ್ನು ಕಾಯುವುದು. ರೈಟರರಿಂದ ಕಾಗದ ಬರಲಿಲ್ಲ. ಒಂದು ತಿಂಗಳು, ಮೂರು ತಿಂಗಳು, ಐದು. ಅಕ್ಕ ಬರುತ್ತಿದ್ದರು, ಬೆಂಚಿನಲ್ಲಿ ಕೂರುತ್ತಿದ್ದರು. ಅವರು ಬಸ್ಸು ಇಳಿಯುವುದು ಕಂಡರೆ ಹಿಂದಿನ ಕೋಣೆಗೆ ಹೋಗಿ ಕೂತುಬಿಡೋಣ ಅನ್ನಿಸುತ್ತಿತ್ತು ನನಗೆ. ಒಂದೆರಡು ಸಲ ಹೋಗಿಯೂ ಇದ್ದೇನೆ. ಬಂದಿಲ್ಲ ಅಕ್ಕ, ಬಂದಿಲ್ಲ ಅಕ್ಕ ಎಂದು ಎಷ್ಟು ಸಲ ಹೇಳುವುದು? ಛತ್ರದ ವಿಳಾಸಕ್ಕೆ ಕನ್ನಡದಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ಓದುವವರು ಯಾರು ಅಲ್ಲಿ?

ಮಳೆಗಾಲ ಕಳೆದ ಮೇಲೆ ಚೀಟಿ ಬಂತು. ಅಕ್ಕ ಅಲ್ಲೇ ಕೂತಿದ್ದ ದಿನವೇ, ಮಂಗಳೂರಿನ ಚೀಲದಲ್ಲಿ. ರಂಗೂನಿನ ಉರುಟು ಮುದ್ರೆ. ಕಟ್ಟು ಬಟವಾಡೆ ಆಗಿದೆ. ಸಹಿಯ ಜಾಗದಲ್ಲಿ ಸಹಿ ಇಲ್ಲ, ಒಂದು ಹೆಬ್ಬೆಟ್ಟು. ಹೆಸರು ಬರೆಯುವ ಸಾಲು ಖಾಲಿ.

ಪೋಸ್ಟ್ ಮಾಸ್ತರರು ನನ್ನ ಮುಖ ನೋಡಿದರು, ನಾನು ಚೀಟಿ ನೋಡಿದೆ. ರೈಟರರು ನೆಟ್ಟಗೆ ಇದ್ದಿದ್ದರೆ ಸಹಿ ಇರುತ್ತಿತ್ತು. ಕಣ್ಣು ಪೂರ್ತಿ ಹೋಗಿ ಅವರೇ ಹೆಬ್ಬೆಟ್ಟು ಒತ್ತಿರಲೂಬಹುದು. ಅಥವಾ ಉಳಿದ ಆರರಲ್ಲಿ ಯಾರದ್ದೋ. ಕನ್ನಡಕ ಹಾಕಿಕೊಳ್ಳುವ ಮನುಷ್ಯ ಅಲ್ಲಿ ಉಂಟೋ ಇಲ್ಲವೋ. ಮುಟ್ಟಲಿ ಎಂದು ಏಳು ಹೆಸರು ಬರೆದವನು ನಾನು. ಮುಟ್ಟಿತು.

ಅಕ್ಕ ಎದ್ದು ಕಿಟಕಿಗೆ ಬಂದರು. "ಎಂತ ಬಂತು ಮಗಾ?"

ಹೇಳಿದೆ. ಕಟ್ಟು ಮುಟ್ಟಿದೆ, ಯಾರೋ ಒಬ್ಬರು ಹೆಬ್ಬೆಟ್ಟು ಒತ್ತಿ ತೆಗೆದುಕೊಂಡಿದ್ದಾರೆ, ಯಾರೆಂದು ಬರೆದಿಲ್ಲ.

"ನನ್ನ ಅಣ್ಣನಿಗೆ ಬರೆಯಲಿಕ್ಕೆ ಬರುವುದಿಲ್ಲ," ಅಂದರು ಅಕ್ಕ. "ಅವರು ಹೆಬ್ಬೆಟ್ಟೇ ಒತ್ತುವುದು. ಹೆಬ್ಬೆರಳಿಗೆ ಅಡ್ಡಕ್ಕೆ ಕತ್ತಿ ತಾಗಿದ ಗಾಯದ ಗೆರೆ ಉಂಟು. ನೋಡು."

ಮಸೂರ ತೆಗೆದುಕೊಂಡು ನೋಡಿದೆ. ಶಾಯಿ ಜಾಸ್ತಿಯಾಗಿ ಹರಡಿತ್ತು. ನಡುವೆ ಕಪ್ಪು, ಅಂಚಿನಲ್ಲಿ ನಾಲ್ಕು ಗೆರೆ. ಕತ್ತಿಯದ್ದೋ, ಬೆರಳಿನದ್ದೇ ಗೆರೆಯೋ, ದೇವರಿಗೇ ಗೊತ್ತು. ಉಂಟು ಎಂದುಬಿಡೋಣ ಅನ್ನಿಸಿತು. ಬಾಯಿ ಬರಲಿಲ್ಲ.

"ಗೊತ್ತಾಗುವುದಿಲ್ಲ ಅಕ್ಕ. ಶಾಯಿ ಹರಡಿದೆ."

ಅವರು ಕೈ ಚಾಚಿದರು. ಆ ಚೀಟಿ ಕಛೇರಿಯ ಹೊರಗೆ ಕೊಡುವಂಥದ್ದಲ್ಲ. ಪೋಸ್ಟ್ ಮಾಸ್ತರರು ಬೇರೆ ಕಡೆ ನೋಡಿದರು, ನಾನು ಕೊಟ್ಟೆ. ಅಕ್ಕ ಅದನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟು, ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ ಮೆಲ್ಲಗೆ ಇಟ್ಟರು. ಸುತ್ತ ಅಂಚಿನಲ್ಲಿ ಶಾಯಿ ಹೊರಗೆ ಕಾಣುತ್ತಿತ್ತು. ಅಳತೆ ನೋಡಿದ ಹಾಗೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ನನ್ನ ಬೆರಳಿಗಿಂತ ದೊಡ್ಡದು," ಅಂದರು. "ಗಂಡಸಿನದ್ದೇ ಇದು. ಅಣ್ಣನದ್ದೇ."

ಆ ಏಳು ಮಂದಿಯೂ ಗಂಡಸರೇ ಆಗಿದ್ದರು. ನಾನು ಅದನ್ನು ಹೇಳಲಿಲ್ಲ.